ಐರಣಿ ಹಳ್ಳದ ಹೂಳು

ಫೆಬ್ರುವರಿ ೧೧ರ ಬೆಳಿಗ್ಗೆ ಭೂವಿಜ್ಞಾನಿ ಪ್ರಾಣೇಶ ರಾಣೆಬೆನ್ನೂರಿನ ಠಾಣೆಗೆ ಬಂದು ದೂರು ಕೊಟ್ಟರು. ಅವರ ಖಾಸಗಿ ಕಂಪನಿಯ ಸಮೀಕ್ಷಾ ತಂಡ ಐರಣಿ ಸುತ್ತಲಿನ ಹಳ್ಳಗಳ ಹೂಳು ಸಂಗ್ರಹಿಸಿ ಯುರೇನಿಯಂ ಹುಡುಕುತ್ತಿತ್ತು. ಮೇಲಿನ ಬಂಡೆಗಳಲ್ಲಿ ಅದಿರಿದ್ದರೆ ಮಳೆನೀರು ಅದರ ಅಂಶವನ್ನು ಹೂಳಿಗೆ ತಂದಿರುತ್ತದೆ. ಒಂದು ಹಳ್ಳದ ಹೂಳಿನಲ್ಲಿ ಯುರೇನಿಯಂ ವಿಪರೀತ ಕಂಡಿತ್ತು. ಪ್ರಾಣೇಶ ಹಾವೇರಿಯಲ್ಲಿ ಪತ್ರಕರ್ತರನ್ನು ಕರೆದು ಇದನ್ನು ಸಾರಿದ್ದರು. ಅದೇ ಹಳ್ಳದಿಂದ ಹೊಸದಾಗಿ ತಂದ ಹೂಳಿನ ಮರುಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕಂಪನಿ ಅವರನ್ನು ಅಮಾನತು ಮಾಡಿತು.

"ಯಾರೋ ಬೇಕಂತ ಮಾಡ್ಯಾರ್ರಿ," ಎಂದರು ಪ್ರಾಣೇಶ.

ಇನ್ಸ್‌ಪೆಕ್ಟರ್ ಅಣ್ಣಾಜಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪ್ರಭುಲಿಂಗಪ್ಪನೊಂದಿಗೆ ತಂಡದ ಶಿಬಿರಕ್ಕೆ ಹೋದರು. ಉಳಿದ ಮಾದರಿಗಳನ್ನು ಜಪ್ತಿ ಮಾಡಿ, ಪಂಚನಾಮೆ ಬರೆಸಿ, ಪ್ರಯೋಗಾಲಯಕ್ಕೆ ಕಳಿಸಿದರು. ಕೆಲ ದಿನಗಳ ನಂತರ ವರದಿ ಬಂತು: ಜರಡಿ ಹಿಡಿದ ನುಣ್ಣನೆಯ ಹೂಳಿನಲ್ಲಿ ಯುರೇನಿಯಂ ಜೊತೆ ರಂಜಕವೂ ಹೇರಳವಾಗಿತ್ತು; ಜರಡಿ ಹಿಡಿಯದೆ ಉಳಿಸಿದ್ದ ಅದೇ ಹೂಳಿನಲ್ಲಿ ಎರಡೂ ಅಲ್ಪ. ಗೊಬ್ಬರವಾಗಿ ಮಾರುವ ರಾಕ್ ಫಾಸ್ಫೇಟ್ ಪುಡಿಯಲ್ಲಿ ಎರಡೂ ಇರುತ್ತವೆ ಎಂದು ತಜ್ಞರು ತಿಳಿಸಿದರು. ಬೆರಕೆ ನಡೆದದ್ದು ಹಳ್ಳದಲ್ಲಲ್ಲ, ಜರಡಿ ಕೋಣೆಯಲ್ಲಿ.

ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವಳು ಮುಸರತ ಒಬ್ಬಳೇ. ಬ್ಯಾಡಗಿಯವಳು, ರಸಾಯನಶಾಸ್ತ್ರ ಓದಿದವಳು. ಪ್ರಭುಲಿಂಗಪ್ಪ ಅವಳ ಫೋಟೊ ಹಿಡಿದು ಬ್ಯಾಡಗಿಯ ಗೊಬ್ಬರದಂಗಡಿಗಳನ್ನು ಸುತ್ತಿದ. ಅಂಗಡಿಕಾರ ಶಮಶೇರಸಾಬ ಗುರುತಿಸಿದ.

"ರಾಕ್ ಫಾಸ್ಫೇಟ್ ಒಯ್ದಾಳ್ರಿ. ಗುಲಾಬಿ ಗಿಡಕ್ಕ ಅಂದ್ಲು."

ಅಂದು ಸಂಜೆ ಅಣ್ಣಾಜಿ ಮಹಿಳಾ ಕಾನ್‌ಸ್ಟೇಬಲ್ ಸಾಜಿಯಾಳೊಂದಿಗೆ ಅವಳ ಮನೆಗೆ ಹೋದರು.

"ಗುಲಾಬಿ ಗಿಡ ಎಲ್ಲಿ ಅದಾವ, ತಂಗಿ?"

"ಇಲ್ರಿ."

"ಮತ್ತ ಗೊಬ್ಬರ?"

"ಹೂಳಿನಾಗ ಕಲಸೇನ್ರಿ."

"ಯಾಕ?"

"ನಮ್ಮಣ್ಣ ಜಾವೇದ ಪ್ರಾಣೇಶ ಸರ್ ಕಡೇನ ದುಡೀತಿದ್ದ. ಹ್ವಾದ ಮಳಿಗಾಲ ವರದಾ ಹೊಳಿ ತುಂಬಿ ಹರೀತಿತ್ತು. ಒಲ್ಲೆ ಅಂದ್ರೂ ಹೂಳು ತಾ ಅಂತ ಇಳಿಸಿದ್ರು. ಡ್ರೈವರ್ ನಾಸೀರ ಕಣ್ಣಾರೆ ನೋಡ್ಯಾನ. ಹೆಣ ಗಳಗನಾಥದಾಗ ಸಿಕ್ತು. ಕುಡದು ಈಜಾಕ ಇಳದಿದ್ದ ಅಂತ ಪ್ರಾಣೇಶ ಸರ್ ಬರಕೊಟ್ರು. ನಮ್ಮಣ್ಣ ಕುಡೀತಿದ್ದಿಲ್ರಿ."

"ಆದ್ರೂ ನೀ ಅವರ ಕಡೇನ ನೌಕರಿಗೆ ಸೇರೀದಿ?"

"ನಮ್ಮ ಬಾಯಿ ಮುಚ್ಚಸಾಕ ಅವರೇ ಕರದು ಕೊಟ್ರು. ನಾನೂ ಅದನ್ನ ಕಾಯಾಕತ್ತಿದ್ದೆ. ನಮ್ಮಣ್ಣನ ಹೆಸರಿಗೆ ಸುಳ್ಳು ಹಚ್ಚಿದ್ರು. ಅವರ ಹೆಸರಿಗೆ ನಾ ಹಚ್ಚಿದೆ."

ಬಂಧನದ ಕಾಗದಕ್ಕೆ ಸಹಿ ಹಾಕಿ ಅವಳು ತಲೆ ಎತ್ತಿದಳು. "ದೂರು ಕೊಡಾಕ ಬಂದಾಗ ಅವರ ಮಾರಿ ಹೆಂಗಿತ್ರಿ?"

ಅಣ್ಣಾಜಿ ಕಾಗದ ಮಡಿಚಿದರು. "ಇಳದಿತ್ತು."

"ಸಾಕ್ರಿ," ಎಂದು ಎದ್ದು ಸಾಜಿಯಾಳ ಜೊತೆ ಜೀಪಿನತ್ತ ನಡೆದಳು.

ಮರುದಿನ ಅಣ್ಣಾಜಿ ನಾಸೀರನ ಹೇಳಿಕೆ ಪಡೆದು, ಜಾವೇದನ ಸಾವಿನ ಮರುತನಿಖೆಗೆ ಅನುಮತಿ ಕೋರಿದರು. ಮುಸರತಳ ಆರೋಪಪಟ್ಟಿಯಲ್ಲಿ ಕೃತ್ಯದ ಉದ್ದೇಶ ಸೇಡು ಎಂದಷ್ಟೇ ಬರೆದರು. ತಪ್ಪಾಯಿತೆಂದು ಅವಳು ಕೊನೆಯವರೆಗೂ ಹೇಳಲಿಲ್ಲ.