ಏಳನೇ ಸಾಲಿನ ಸಹಿ

೨೦೨೩ರ ಮಾರ್ಚ್ ೧೪, ಬೆಳಿಗ್ಗೆ ೯:೧೦. ವಾಷಿಂಗ್ಟನ್ ಪಕ್ಕದ ವರ್ಜೀನಿಯಾದ ಕೌಂಟಿ ಪೊಲೀಸ್ ಠಾಣೆಗೆ ಖಾಸಗಿ ವಿಮಾನ ಸಂಗ್ರಹಾಲಯವೊಂದರಿಂದ ದೂರು ಬಂತು. ಯುದ್ಧಕಾಲದ ಜರ್ಮನ್ ಜೆಟ್ ಬಾಂಬರ್ ಒಂದರ ಪರೀಕ್ಷಾ ಹಾರಾಟದ ಕಡತ ಕಾಣೆಯಾಗಿತ್ತು. ಡಿಟೆಕ್ಟಿವ್ ಯಾಮಿನಿ ಇನ್ಸಿಡೆಂಟ್ ರಿಪೋರ್ಟ್ ಬರೆದುಕೊಂಡಳು. ಅಲ್ಲಿಯ ಎಫ್‌ಐಆರ್ ಅದೇ.

ಆ ವಿಮಾನದ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸ ಎಂಟು ತಿಂಗಳಿಂದ ನಡೆದಿತ್ತು. ಉಳಿದದ್ದು ಅದೊಂದೇ ಕಡತ. ರಿಜಿಸ್ಟರಿನಲ್ಲಿ ಅದನ್ನು ಕೊನೆಗೆ ಪಡೆದವಳು ಸ್ಕ್ಯಾನಿಂಗ್ ಉದ್ಯೋಗಿ ಶ್ರಾವಣಿ. ಅಂದೇ ಅವಳನ್ನು ಅಮಾನತು ಮಾಡಿದ್ದರು.

“ವಾಪಸ್ ಯಾರಿಗೆ ಕೊಟ್ರಿ?” ಯಾಮಿನಿ ಕೇಳಿದಳು.

“ರಾಮಲಿಂಗಪ್ಪ ಅಂಕಲ್‌ಗೆ. ಶೆಲ್ಫಲ್ಲಿ ಇಡೋ ವಾಲಂಟಿಯರ್ ಅವರೇ. ನಾನು ವರ್ಕ್ ವೀಸಾದಲ್ಲಿದೀನಿ ಮ್ಯಾಮ್. ಕೆಲಸ ಹೋದ್ರೆ ಅರವತ್ತು ದಿನದಲ್ಲಿ ದೇಶ ಬಿಡ್ಬೇಕು, ಅಷ್ಟೇ.”

ರಾಮಲಿಂಗಪ್ಪ ಬಾಗಲಕೋಟೆ ಕಡೆಯವರು, ಎಪ್ಪತ್ತೊಂದು ವರ್ಷ, ನಿವೃತ್ತ ಟರ್ಬೈನ್ ಎಂಜಿನಿಯರ್. ಕಡತವನ್ನು ಅದರ ಜಾಗದಲ್ಲೇ ಇಟ್ಟೆನೆಂದು ಲಿಖಿತ ಹೇಳಿಕೆ ಕೊಟ್ಟರು.

“ಅದ್ರಲ್ಲಿ ಏನಿತ್ತು ಅಂಕಲ್?” ಯಾಮಿನಿ ಕೇಳಿದಳು.

“ಮೊದಲನೇ ಮಾದರಿಗೆ ಗಾಲೀನ ಇರಲಿಲ್ಲ ತಂಗಿ. ಬಂಡಿ ಮ್ಯಾಲೆ ಕುಂತು ಓಡೂದು, ಬಂಡಿ ಕೆಳಗ ಬಿಟ್ಟು ಹಾರೂದು, ಹೊಟ್ಟಿ ಉಜ್ಜಿ ಇಳಿಯೂದು. ಹಾರಸಾಂವ, ಫೋಟೊ ತಗಿಯಾಂವ, ಬಾಂಬ್ ಹಾಕಾಂವ ಎಲ್ಲಾ ಒಬ್ಬನ. ಒಬ್ಬನ ತಲಿ ಮ್ಯಾಲೆ ಅಷ್ಟು ಕೆಲಸಾ ಹೇರಾಕ ನಮ್ಮ ಪಿಡಬ್ಲ್ಯೂಡಿನೂ ಹೆದರತಿತ್ತು!”

ನಕ್ಕವರು ಅವರೊಬ್ಬರೇ.

ಉಗ್ರಾಣದಲ್ಲಿ ಇಪ್ಪತ್ತು ಸಾಲು ಕಪಾಟುಗಳಿದ್ದವು. ವಾಲಂಟಿಯರುಗಳು ಮೂರು ಸುತ್ತು ಹುಡುಕಿದರು. ಒಂದೊಂದು ಸಾಲು ಮುಗಿದಾಗಲೂ ನೋಡಿದವರು ಸಹಿ ಹಾಕಬೇಕು. ರಾಮಲಿಂಗಪ್ಪ ದಿನವೂ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಎಲ್ಲರಿಗೂ ಚೂಡಾ ಅವಲಕ್ಕಿ ತರುತ್ತಿದ್ದರು.

ಮಾರ್ಚ್ ೨೫ರಂದು ಯಾಮಿನಿ ಸಹಿಯ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಉಳಿದ ಸಾಲುಗಳಲ್ಲಿ ಒಂದೊಂದು ಸುತ್ತಿಗೂ ಬೇರೆ ಬೇರೆಯವರ ಸಹಿ. ಏಳನೇ ಸಾಲಿನಲ್ಲಿ ಮೂರೂ ರಾಮಲಿಂಗಪ್ಪನವರದು. ಅಲ್ಲಿಯ ಪೆಟ್ಟಿಗೆಗಳನ್ನು ತಾನೇ ಇಳಿಸಿದಳು. ೧:೨೫ಕ್ಕೆ, ಟೈರು ಕಂಪನಿಗಳ ಹಳೆಯ ಕ್ಯಾಟಲಾಗುಗಳ ನಡುವೆ ಕಡತ ಸಿಕ್ಕಿತು. ಫೋಟೊ ತೆಗೆದು, ಇಬ್ಬರು ಸಿಬ್ಬಂದಿಯ ಎದುರು ಪಂಚನಾಮೆಯಂತೆ ಎಲ್ಲವನ್ನೂ ಬರೆದು ಸಹಿ ಪಡೆದಳು.

“ಏಳನೇ ಸಾಲು ಬೇರೆಯವ್ರಿಗೆ ಯಾಕೆ ಬಿಡ್ಲಿಲ್ಲ?”

ರಾಮಲಿಂಗಪ್ಪ ಕನ್ನಡಕ ತೆಗೆದರು. “ಅದೊಂದು ಫೈಲ್ ಮುಗಿದ್ರ ಪ್ರಾಜೆಕ್ಟನ ಮುಗೀತಿತ್ತು. ಇನ್ನ ಬರೂದು ಬ್ಯಾಡ ಅಂತ ಥ್ಯಾಂಕ್ಯೂ ಕಾರ್ಡ್ ಆಗಲೇ ಕೊಟ್ಟಿದ್ರು.”

“ಶ್ರಾವಣಿ?”

“ಹುಡುಕೂದು ಚಾಲೂ ಆದಮ್ಯಾಲೆ ಮ್ಯೂಸಿಯಂನವರು ದಿನಾ ಫೋನ್ ಮಾಡಿ ಬರ್ರಿ ಅಂತಿದ್ರು, ತಂಗಿ. ನಾಳೆ ಹೇಳೂಣು, ನಾಳೆ ಹೇಳೂಣು ಅಂತ...”

“ಆಕೆ ಸೂಟ್‌ಕೇಸ್ ಪ್ಯಾಕ್ ಮಾಡ್ತಿದಾಳೆ.”



೩:೪೦ಕ್ಕೆ, ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟ ಆರೋಪದ ಮೇಲೆ ಬಂಧನ. ಶ್ರಾವಣಿಯ ಅಮಾನತು ಅಂದೇ ರದ್ದಾಯಿತು.

ಸಂಜೆ ಠಾಣೆಯಲ್ಲಿ ಫಾರಂ ತುಂಬುತ್ತ ಯಾಮಿನಿ ಕೇಳಿದಳು, “ಯಾರಿಗೆ ತಿಳಿಸ್ಬೇಕು?”

ರಾಮಲಿಂಗಪ್ಪ ಬಾಯಿಪಾಠವಾಗಿದ್ದ ಒಂದು ನಂಬರ್ ಹೇಳಿದರು. ಯಾಮಿನಿ ಡಯಲ್ ಮಾಡಿದಳು. ಸಂಗ್ರಹಾಲಯದ ಟಿಕೆಟ್ ಕೌಂಟರಿನ ಧ್ವನಿಮುದ್ರಣ ಮಾತಾಡತೊಡಗಿತು: ಇಂದಿನ ಸಮಯ ಮುಗಿದಿದೆ.