ಬಸ್ಸಿನಲ್ಲಿ ಬಂದ ಪ್ರೊಸೆಸರ್

"ತಗೋರಿ ನಿಮ್ಮ ಗುಜರಿ!"

ಮೊದಲ ಭೇಟಿಯಲ್ಲಿ ಚೇತನಾ ಉಲ್ಲಾಸನಿಗೆ ಹೇಳಿದ ಮೊದಲ ಮಾತು ಇದು. ಶಿರಸಿಯ ಅವನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಅವಳು ತನ್ನ ಹಳೆಯ ಸಿಪಿಯು ಪೆಟ್ಟಿಗೆಯನ್ನು ಕುಕ್ಕಿದಳು. ತನ್ನೂರು ಕಿರವತ್ತಿಯಿಂದ ಹೊರಟು, ಯಲ್ಲಾಪುರದಲ್ಲಿ ಬಸ್ಸು ಬದಲಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಇನ್ನಷ್ಟು ಸಿಟ್ಟು ಮಾಡಲು ಮೈಯಲ್ಲಿ ಕಸುವಿರಲಿಲ್ಲ, ಪಾಪ.

ವರ್ಷದಿಂದ ಇಬ್ಬರೂ ಆನ್‌ಲೈನ್ ಆಟದಲ್ಲಿ ಒಂದೇ ತಂಡ. ಪರಿಚಯವೆಲ್ಲ ಹೆಡ್‌ಫೋನಿನ ದನಿಯದ್ದು. ಹಗಲಿಡೀ ಮನೆಯವರ ಡಾಬಾದಲ್ಲಿ ಗಿರಾಕಿಗಳ ಜೊತೆ ಗಂಟಲು ಹರಿದುಕೊಳ್ಳುವ ಚೇತನಾಗೆ ಸಂಜೆಯ ಆ ದನಿಯೊಂದೇ ವಿಶ್ರಾಂತಿ. ಆದರೆ ಅವಳ ಮುದಿ ಕಂಪ್ಯೂಟರ್ ಆಟದ ನಡುವೆಯೇ ನಿಂತುಬಿಡುತ್ತಿತ್ತು. ಅದಕ್ಕೇ ಉಲ್ಲಾಸ ಒಳ್ಳೆಯ ಪ್ರೊಸೆಸರ್ ಒಂದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ. ಅವನ ವಿಡಿಯೋ ನೋಡಿ ಅವಳೇ ಅದನ್ನು ಕೂರಿಸಿದಳು. ಪರದೆ ಮಾತ್ರ ಕಪ್ಪಗೇ ಉಳಿಯಿತು!

'ಕೆಟ್ಟದ್ದು ಕಳಿಸಿ ಕೈ ತೊಳಕೊಂಡ್ರಾ?' ಎಂದು ಬೇಸರದಲ್ಲಿ ಮೆಸೇಜು ಹಾಕಿದಳು. ಉತ್ತರ ಬರಲಿಲ್ಲ. ಅವನು ಆಟಕ್ಕೂ ಬರುತ್ತಿಲ್ಲವೆಂದು ತಂಡದವರು ಹೇಳಿದರು.

'ನಾನು ಬೇಡವಾದೆ. ಬಾಯಿಬಿಟ್ಟು ಹೇಳಬಾರದಿತ್ತೇ...' ಎಂದುಕೊಂಡೇ ಅವಳು ಶಿರಸಿಗೆ ಹೊರಟಿದ್ದಳು.

"ಮೊದ್ಲು ಕೂತ್ಕಳಿ. ನೀರು ಕುಡೀರಿ," ಎಂದ ಉಲ್ಲಾಸ. ಅವನ ಮುಖವೂ ಸೋತಿತ್ತು.

ಫ್ಯಾನ್ ಬಿಚ್ಚಿ ಪ್ರೊಸೆಸರ್ ಎತ್ತಿ ಹಿಡಿದವನೇ ಬೆಪ್ಪಾದ. ಅದರ ಅಡಿಯ ಚಿನ್ನದ ಬಣ್ಣದ ಪಿನ್ನುಗಳ ತುಂಬ ಕೆಂಪು!

"ಇದೆಂತ ಮಾರಾಯ್ರೆ... ಕುಂಕುಮನಾ?"

ಚೇತನಾ ಹಣೆ ಚಚ್ಚಿಕೊಂಡಳು. "ಅಯ್ಯೋ ನಮ್ಮವ್ವ! ಮನೀಗೆ ಹೊಸಾ ಸಾಮಾನು ಬಂದ್ರ ಕುಂಕುಮ ಹಚ್ಚದ ಮುಟ್ಟಾಕ ಬಿಡೂದಿಲ್ರಿ. ಮ್ಯಾಲಿಂದು ಒರಸಿದ್ದೆ. ಅಡಿ ನೋಡ್ಲೇ ಇಲ್ಲ... ಅಷ್ಟು ಸಾಕಾಗಿತ್ತು ನನಗ."

ಅವ್ವ ಮಿಕ್ಸರಿಗೆ ಹಚ್ಚಿದಾಗ ಏನೂ ಆಗಿರಲಿಲ್ಲ, ಇದು ಮಿಕ್ಸರಲ್ಲವಲ್ಲ!

ಉಲ್ಲಾಸ ನಗಲಿಲ್ಲ. ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ಪಿನ್ನುಗಳನ್ನು ಮೆಲ್ಲಗೆ ತೊಳೆಯತೊಡಗಿದ.

"ತಪ್ಪು ನಂದೇ. ಆದ್ರ ನೀವ್ಯಾಕ ಮಾಯ ಆದ್ರಿ? ಆಟಕ್ಕೂ ಬರ್ಲಿಲ್ಲ."

"ಹ್ಯಾಂಗೆ ಬರೂದು? ಇದು ನನ್ನ ಮಷಿನ್ನಿಂದಲೇ ಬಿಚ್ಚಿ ಕಳ್ಸಿದ್ದು."

ಚೇತನಾ ಅವನ ಕೈಯಲ್ಲಿದ್ದ ಪ್ರೊಸೆಸರನ್ನೇ ನೋಡಿದಳು.

"ನಂಗೆ ಹೊಸದು ಬರೂವರೆಗೆ ನೀವಾದ್ರೂ ಆಡಿ ಅಂತ... ಕೈ ತೊಳಕೊಂಡ್ರಾ ಅಂತ ಕೇಳಿದ್ರಲ್ಲ, ಎಂತ ಹೇಳೂದು ತಿಳೀಲಿಲ್ಲ. ನಂಗೂ ಸಾಕಾಗಿತ್ತು."

ಅವಳ ಕಣ್ಣು ತುಂಬಿತು. 'ಇಂಥವನಿಗೆ ಎಂಥ ಮಾತು ಆಡಿಬಿಟ್ಟೆ!'

ಅವನು ಎಲ್ಲ ಒಣಗಿಸಿ, ಕೂರಿಸಿ, ಬಟನ್ ಒತ್ತಿದ. ಅಂಗಡಿಯ ಪರದೆ ಬೆಳಗಿತು. ಚೇತನಾ ಅತ್ತ ನೋಡಲೂ ಇಲ್ಲ.

"ಆತು. ಇನ್ನು ಆಟ ನಿಲ್ಲೂದಿಲ್ಲ."

"ಆಟ ಯಾರಿಗೆ ಬೇಕಾಗೇತ್ರಿ? ದಿನಾ ದಣಿದು ಬಂದು ಅದರ ಮುಂದ ಕೂಡ್ತಿದ್ದದ್ದು ನಿಮ್ಮ ದನಿ ಕೇಳಾಕ!"

ಉಲ್ಲಾಸನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ನಂಗೂ ಹಾಂಗೇ... ಹೇಳೂಕೆ ಧೈರ್ಯ ಇರ್ಲಿಲ್ಲ. ನಂಗೆ ನೀವು ಬೇಕು, ಚೇತನಾ."

ಅವಳು ಚೂಡಿದಾರದ ವೇಲಿನಿಂದ ಕಣ್ಣೊರೆಸಿಕೊಂಡಳು.

"ಹಂಗಾದ್ರ ಇದನ್ನ ನಾ ವಾಪಸ್ ಒಯ್ಯೂದಿಲ್ಲ. ನೀವೇ ಹೊತ್ಕೊಂಡು ಮನೀಗೆ ಬರ್ರಿ. ಯಾಕ ಬಂದ್ರಿ ಅಂತ ಅವ್ವ ಕೇಳೇ ಕೇಳ್ತಾಳ. ಆವಾಗ ಬಾಯಿ ಬಿಡ್ರಿ."

"ಈಗ್ಲೇ ಹೊರಡ್ಲಾ?"

"ಬ್ಯಾಡ... ಭಾಳ ದಣಿದೀನಿ. ಸ್ವಲ್ಪ ಹೊತ್ತು ಇಲ್ಲೇ ಕೂಡ್ತೀನಿ. ಏನಾರ ಮಾತಾಡ್ರಿ."

ಉಲ್ಲಾಸ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತ.

"ಎಂತ ಮಾತಾಡ್ಲಿ?"

"ಏನಾದ್ರೂ ಅಡ್ಡಿಯಿಲ್ರಿ..."