ಕಂಪನಿದೇ ಥರಾನಾ?

“ನಿಮ್ಮಮ್ಮ ಮಾಡೋದೆಲ್ಲ ಡೂಪ್ಲಿಕೇಟ್ ಔಷಧಿ!”

ಡಾಸನ್ ಎಷ್ಟು ಜೋರಾಗಿ ಕೂಗಿದನೆಂದರೆ, ಸ್ಕೂಲಿನ ಊಟದ ಮೇಜಿನ ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು.

“ಏನಂದೆ? ಇನ್ನೊಂದ್ಸಲ ಹೇಳು!” ಮಾರ್ನಿ ಎದ್ದು ನಿಂತಳು.

“ಡೂಪ್ಲಿಕೇಟ್! ಟೀವಿಲೇ ಹೇಳಿದ್ರು. ಅದು ಕಂಪನಿದಲ್ಲ, ಅಂಗಡಿ ಹಿಂದ್ಗಡೆ ಕಲಸಿ ಕೊಡೋದು. ನಮ್ಮಮ್ಮಂಗೂ ಅದನ್ನೇ ಕೊಟ್ಟು, ಈಗ ‘ಇನ್ಮೇಲೆ ಕೊಡಲ್ಲ’ ಅಂತಿದಾರೆ.”

ಅವನ ಮೂಗಿನ ತುದಿ ಕೆಂಪಾಗಿತ್ತು. ಅಳು ನುಂಗುವಾಗ ಅವನಿಗೆ ಹಾಗಾಗುತ್ತದೆಂದು ಮಾರ್ನಿಗೆ ಗೊತ್ತು. ಒಂದನೇ ಕ್ಲಾಸಿನಿಂದಲೂ ಇಬ್ಬರದೂ ಒಂದೇ ಬಸ್ಸು.

ಡಾಸನ್‌ನ ಅಮ್ಮ ರೋಂಡಾ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಮಂಡಿನೋವು ಕಡಿಮೆಯಾಗಿ, ಮಗನ ಜೊತೆ ಕೆರೆ ತನಕ ಸೈಕಲ್ ಹೊಡೆಯತೊಡಗಿದ್ದರು. ಆ ಇಂಜೆಕ್ಷನ್ ಮಾಡಿಕೊಡುತ್ತಿದ್ದವಳು ಮಾರ್ನಿಯ ಅಮ್ಮ ಜೋಲೀನ್. ಅಮೆರಿಕದ ಕನ್ಸಾಸ್‌ನ ಆ ಪುಟ್ಟ ಊರಲ್ಲಿ ಡಾಕ್ಟರ್ ಚೀಟಿ ನೋಡಿ ಔಷಧಿ ಬೆರೆಸಿ ಕೊಡುವ ಅಂಗಡಿ ಅವಳದೊಂದೇ.

ಸ್ಕೂಲ್ ಬಿಟ್ಟದ್ದೇ ತಡ, ಮಾರ್ನಿ ಅಂಗಡಿಗೆ ಓಡಿದಳು. ಅಮ್ಮ ಗ್ಲೌಸ್ ಹಾಕಿಕೊಂಡು ಯಾರದೋ ಬೆಕ್ಕಿಗೆ ಮೀನಿನ ರುಚಿಯ ಔಷಧಿ ತಯಾರಿಸುತ್ತಿದ್ದಳು.

“ಅಮ್ಮಾ, ನಿನ್ನ ಇಂಜೆಕ್ಷನ್ ಕಂಪನಿದೇ ಥರಾನೇ ಅಲ್ವಾ? ಹೌದು ಅನ್ನು. ನಾಳೆ ಡಾಸನ್ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು.”

“ಅಲ್ಲ” ಅಂದಳು ಅಮ್ಮ.

ಮಾರ್ನಿ ಬೆಪ್ಪಾದಳು. “ಅಲ್ವಾ?”

“ಒಳಗಿರೋ ಔಷಧಿ ಅದೇ. ಆದ್ರೆ ಕಂಪನಿ ಇಂಜೆಕ್ಷನ್ನ ಸರ್ಕಾರ ಪರೀಕ್ಷೆ ಮಾಡಿ ಒಪ್ಪಿರುತ್ತೆ. ನಾನು ಬೆರೆಸಿದ್ದಕ್ಕೆ ಆ ಪರೀಕ್ಷೆ ಆಗಿಲ್ಲ. ಡಾಕ್ಟರ್ ಬರೆದುಕೊಟ್ರೆ ಚೊಕ್ಕವಾಗಿ ಮಾಡಿಕೊಡ್ತೀನಿ. ಕಂಪನಿದು ಎಲ್ಲೂ ಸಿಗದೇ ಇದ್ದಾಗ ಮಾಡಕ್ಕೆ ಬಿಟ್ಟಿದ್ರು. ಈಗ ಸಿಗ್ತಿದೆ, ಅದರ ನಕಲು ಮಾಡೋ ಹಾಗಿಲ್ಲ.”

“ಹಾಗಾದ್ರೆ ಡೂಪ್ಲಿಕೇಟೇ!”

“ಸುಳ್ಳು ಹೇಳಿ ಮಾರಿದ್ರೆ ಡೂಪ್ಲಿಕೇಟ್. ಇದನ್ನೆಲ್ಲ ರೋಂಡಾಗೆ ಮೊದಲ ದಿನಾನೇ ಹೇಳಿದ್ದೆ.”

ಮಾರ್ನಿಗೆ ಸಮಾಧಾನವಾಗಲಿಲ್ಲ. ಒಂದು ‘ಹೌದು’ ಅಂದಿದ್ದರೆ ಅಮ್ಮನ ಗಂಟೇನು ಹೋಗುತ್ತಿತ್ತು?

ಮರುದಿನ ಬಸ್ಸಿನಲ್ಲಿ ಡಾಸನ್ ತಾನೇ ಬಂದು ಪಕ್ಕದಲ್ಲಿ ಕೂತ. “ನಿಮ್ಮ ಅಂಗಡಿ ಬೇಕಾಗಿಲ್ಲ ನಮಗೆ. ಇಂಟರ್ನೆಟ್ಟಲ್ಲಿ ಸಿಗುತ್ತೆ. ಡಾಕ್ಟರ್ ಚೀಟಿನೂ ಬೇಡ. ಕಂಪನಿದೇ ಥರ ಅಂತ ಬರೆದಿದಾರೆ. ನಿಮ್ಮಮ್ಮ ಹಾಗೆ ಹೇಳ್ತಾರಾ?”

“ಇಲ್ಲ, ಹೇಳಲ್ಲ.” ಮಾರ್ನಿಗೇ ಆಶ್ಚರ್ಯವಾಯಿತು, ತನ್ನ ದನಿ ಒಂಚೂರೂ ನಡುಗಲಿಲ್ಲ. “ಚೆನ್ನಾಗಿ ಮಾಡೋ ನಮ್ಮಮ್ಮನೇ ಹಾಗೆ ಹೇಳಲ್ಲ. ಅವರು ಹೇಗೆ ಹೇಳ್ತಾರೆ? ಯಾರವರು?”

ಡಾಸನ್ ಬ್ಯಾಗಿನ ಜಿಪ್ಪನ್ನು ಎಳೆದಾಡತೊಡಗಿದ.

“ನಿಮ್ಮಮ್ಮ ತರಿಸಿಬಿಟ್ರಾ?”

“ಇಲ್ಲ… ಇವತ್ತು ರಾತ್ರಿ ಆರ್ಡರ್ ಮಾಡ್ತಾಳಂತೆ.”

“ಅದಕ್ಕೆ ಮುಂಚೆ ಅಂಗಡಿಗೆ ಕರ್ಕೊಂಡು ಬಾ. ಬಯ್ಯೋದಿದ್ರೆ ನಮ್ಮಮ್ಮನ್ನ ಬೈಲಿ. ಆದ್ರೆ ಕರ್ಕೊಂಡು ಬಾ.”

ಸಂಜೆ ಡಾಸನ್ ಜೊತೆ ರೋಂಡಾ ಅಂಗಡಿಗೆ ಬಂದೇಬಿಟ್ಟರು. ಮುಖ ಬಿಗಿದಿತ್ತು. ಫೋನನ್ನು ಅಮ್ಮನ ಮುಂದೆ ಹಿಡಿದು, “ನೋಡು ಜೋಲೀನ್, ಇದೂ ಕಂಪನಿದೇ ಥರ ಅಂತೆ” ಅಂದರು.

“ಇದನ್ನ ಯಾರು ಮಾಡಿದಾರೆ, ಒಳಗೆ ಏನು ಹಾಕಿದಾರೆ, ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಚುಚ್ಚಿಕೊಳ್ಳಬೇಡ ರೋಂಡಾ.”

“ಹೇಳೋದು ಸುಲಭ! ಕಂಪನಿದರ ಬೆಲೆ ನನ್ನ ಕೈಗೆ ಎಟುಕಲ್ಲ. ಮತ್ತೆ ಆ ಮಂಡಿನೋವು ನಂಗೆ ಬೇಡ.” ರೋಂಡಾ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತುಬಿಟ್ಟರು.

ಅಮ್ಮ ಗ್ಲೌಸ್ ತೆಗೆದು, ಅವರ ಪಕ್ಕದಲ್ಲೇ ಕೂತಳು. “ಬೇರೆ ಔಷಧಿನೂ ಇವೆ. ನಿನ್ನ ಡಾಕ್ಟರ್‌ಗೆ ಈಗ್ಲೇ ಫೋನ್ ಮಾಡೋಣ.”

“ಅದರಲ್ಲಿ ತೂಕ ಖಂಡಿತ ಇಳಿಯುತ್ತಾ?”

“ಖಂಡಿತ ಅನ್ನಲಾರೆ.”

ಬಾಗಿಲ ಬಳಿ ನಿಂತಿದ್ದ ಮಾರ್ನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ರೋಂಡಾ ಸಿಟ್ಟಿನಿಂದ ಎದ್ದು ಹೋಗುತ್ತಾರೆ ಅಂದುಕೊಂಡಳು. ಅವರು ಹೋಗಲಿಲ್ಲ. “ನೀನಾದ್ರೂ ಸುಳ್ಳು ಹೇಳಲ್ಲ” ಅಂದರು. ಆಮೇಲೆ ಫೋನ್ ತಿರುಗಿಸಿಕೊಂಡು, ಡಾಕ್ಟರ ನಂಬರ್ ಹುಡುಕತೊಡಗಿದರು.

ಡಾಸನ್ ಮೆಲ್ಲಗೆ ಮಾರ್ನಿಯ ಕಿವಿಯ ಹತ್ತಿರ ಬಂದ. “ನಿಮ್ಮಮ್ಮ ಯಾವಾಗ್ಲೂ ಹೀಗೇನಾ?”

“ಯಾವಾಗ್ಲೂ” ಅಂದಳು ಮಾರ್ನಿ, ನೆಟ್ಟಗೆ ನಿಂತು.